ದೇವದುರ್ಗದವರ ದನಿ

ಮುಖ್ಯ ಸಂಗತಿ ಮೊದಲ ವಾಕ್ಯದಲ್ಲೇ ಬರಬೇಕು ಎಂದು ಹೊಸ ವರದಿಗಾರರಿಗೆ ಹೇಳಿಕೊಡುತ್ತ ಬಂದವನು ನಾನು. ಆದ್ದರಿಂದ ಇಲ್ಲಿಯೂ ಅದನ್ನು ಮೊದಲೇ ಹೇಳುತ್ತೇನೆ. ರಾಯಚೂರಿನಲ್ಲಿ ನಡೆದ ಜಿಲ್ಲೆಯ ಪತ್ರಕರ್ತರ ಸಮ್ಮೇಳನಕ್ಕೆ ದೇವದುರ್ಗದ ಒಬ್ಬ ವರದಿಗಾರರು ಬಂದಿದ್ದರು. ಅದು ಭಾನುವಾರ. ಬುಧವಾರ ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಅವರ ಗಂಟಲಿನ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದುಹಾಕುವುದಿತ್ತು. ಮೊಬೈಲಿನಲ್ಲಿ ಬರೆದು ಬರೆದೇ ಆರು ವರ್ಷಗಳಿಂದ ಪರಿಚಯವಿದ್ದ ನಮ್ಮ ಜೊತೆ, ಅದಕ್ಕೆ ಮೊದಲು ಒಂದು ಸಲ ಬಾಯಿಬಿಟ್ಟು ಮಾತಾಡಬೇಕು ಎಂದು ಅವರು ಬಂದಿದ್ದರು. ಈ ಕಾರಣವನ್ನು ಅವರು ಯಾರಿಗೂ ಹೇಳಲಿಲ್ಲ. ಅವತ್ತು ಅವರ ಜೊತೆ ಎಲ್ಲರಿಗಿಂತ ಹೆಚ್ಚು ಹೊತ್ತು ಮಾತಾಡಿದವನು ನಾನು. ನಾಲ್ಕು ನಿಮಿಷ ಆಗಿರಬಹುದು.

ನಾನು ರಾಯಚೂರಿನಲ್ಲಿ ಒಂದು ದಿನಪತ್ರಿಕೆಯ ಜಿಲ್ಲಾ ಪುಟ ನೋಡಿಕೊಳ್ಳುತ್ತೇನೆ. ಕೊರೊನಾ ಕಾಲದಲ್ಲಿ ತಾಲ್ಲೂಕಿನವರು ತಿಂಗಳ ಸಭೆಗೆ ಬರುವುದು ನಿಂತಾಗ, ಎಲ್ಲ ಪತ್ರಿಕೆಗಳ ವರದಿಗಾರರನ್ನೂ ಸೇರಿಸಿ ಒಂದು ವಾಟ್ಸ್ಆ್ಯಪ್ ಗುಂಪು ಮಾಡಿದೆ. ನಿಯಮಗಳನ್ನೂ ನಾನೇ ಬರೆದೆ. ಏನಿದ್ದರೂ ಬರೆದು ಹಾಕಬೇಕು, ದನಿ ಸಂದೇಶ ಕಳಿಸಬಾರದು, ಸಂಜೆ ಐದರ ಮೇಲೆ ಫೋನ್ ಮಾಡಬಾರದು, ಶುಭೋದಯದ ಚಿತ್ರ ಬೇಡ. ಕೊನೆಯದನ್ನು ಯಾರೂ ಕೇಳಲಿಲ್ಲ. ಉಳಿದ ಮೂರನ್ನು ಚಾಚೂ ತಪ್ಪದೆ ಪಾಲಿಸಿದರು. ದನಿ ಸಂದೇಶವನ್ನು ನಾನು ಬೇಡವೆಂದದ್ದಕ್ಕೆ ಕಾರಣ ಸರಳ. ಪುಟ ಮುಗಿಸುವ ಹೊತ್ತಿನಲ್ಲಿ ಯಾರದೋ ಎರಡು ನಿಮಿಷದ ಮಾತು ಕೇಳಿಸಿಕೊಂಡು ಬರೆದುಕೊಳ್ಳುವಷ್ಟು ಪುರಸೊತ್ತು ನನಗಿರಲಿಲ್ಲ.

ದೇವದುರ್ಗದವರು ಬೇರೊಂದು ಸಣ್ಣ ಪತ್ರಿಕೆಗೆ ಬರೆಯುತ್ತಿದ್ದರು. ತಹಶೀಲ್ದಾರ್ ಕಚೇರಿಯ ಹತ್ತಿರ ಅವರದೊಂದು ಜೆರಾಕ್ಸ್ ಅಂಗಡಿ. ಆ ತಾಲ್ಲೂಕಿನಲ್ಲಿ ಊರುಗಳಿಗಿಂತ ದೊಡ್ಡಿಗಳು ಹೆಚ್ಚು. ಹೊಲದ ನಡುವೆ ಹತ್ತಿಪ್ಪತ್ತು ಮನೆ ಕಟ್ಟಿಕೊಂಡರೆ ಅದೊಂದು ದೊಡ್ಡಿ, ಅದಕ್ಕೊಂದು ಹೆಸರು. ಒಂದೇ ಹೆಸರಿನವು ಎರಡು ಮೂರು ಇರುತ್ತವೆ. ಸಾವಿನ ಸುದ್ದಿ ಬಂದರೆ ಯಾವ ದೊಡ್ಡಿ, ಯಾವ ಪಂಚಾಯಿತಿ ಎಂದು ತಿಳಿಯದೆ ನಾನು ಒದ್ದಾಡುತ್ತಿದ್ದೆ. ಅವರಿಗೆ ಬರೆದರೆ ಎರಡು ನಿಮಿಷದಲ್ಲಿ ಉತ್ತರ ಬರುತ್ತಿತ್ತು. ಒಮ್ಮೆ ಸಿಡಿಲಿನ ಸುದ್ದಿಯ ಬಗ್ಗೆ ಕೇಳಿದಾಗ ಹೀಗೆ ಬರೆದಿದ್ದರು: "ಹಳ್ಳದ ಆಚೀ ಕಡೀದು ಸರ. ಈಚೀ ಕಡೀದ್ರಾಗ ಬರೇ ಗುಡುಗ್ಯದ."

ನನ್ನ ತಾಯಿ ತೀರಿಕೊಂಡಾಗ ಹನ್ನೊಂದು ದಿನವೂ ಬೆಳಗ್ಗೆ ಅವರಿಂದ ಒಂದು ಸಾಲು ಬಂತು. ಉಂಡಿರಾ, ಮಲಗಿದಿರಾ ಎಂದಷ್ಟೇ ಕೇಳುತ್ತಿದ್ದರು. ಅವರ ಮುಖ ನಾನು ನೋಡಿರಲಿಲ್ಲ. ಫೋನಿನಲ್ಲಿ ಅವರ ಹೆಸರಿನ ಪಕ್ಕ ಇದ್ದದ್ದು ಕೃಷ್ಣಾ ನದಿಯ ಸೇತುವೆಯ ಚಿತ್ರ. ಮತ ಎಣಿಕೆಯ ದಿನ ಒಂದೆರಡು ಸಲ ಅರ್ಧ ನಿಮಿಷ ಮಾತಾಡಿದ್ದೇವೋ ಏನೋ, ನೆನಪಿಲ್ಲ. ಆದರೂ ಈ ಜಿಲ್ಲೆಯಲ್ಲಿ ನಿಮಗೆ ಹತ್ತಿರದವರು ಯಾರು ಎಂದು ಆಗ ಯಾರಾದರೂ ಕೇಳಿದ್ದರೆ ಅವರನ್ನೇ ಹೆಸರಿಸುತ್ತಿದ್ದೆ.

ಸಮ್ಮೇಳನಕ್ಕೆ ಎರಡು ತಿಂಗಳ ಮುಂಚೆ ಅವರಿಂದ ಸಂದೇಶ ಬರುವುದು ನಿಂತಿತು. ಆಗ ಆಸ್ಪತ್ರೆಗೆ ಓಡಾಡುತ್ತಿದ್ದರು ಎಂದು ನಂತರ ತಿಳಿಯಿತು. ಒಂದು ಮಧ್ಯಾಹ್ನ ಮಾನ್ವಿಯ ವರದಿಗಾರ ಗುಂಪಿನಲ್ಲಿ ಒಂದು ಸಾಲು ಹಾಕಿದ. ಕಲ್ಲೂರಿನವನು, ಸುದ್ದಿಗೂ ಚೇಷ್ಟೆಗೂ ಎಲ್ಲರಿಗಿಂತ ಮುಂದು. ದೇವದುರ್ಗದ ಪತ್ರಕರ್ತ ಮಿತ್ರರ ಮನೆಯಲ್ಲಿ ಸಾವು, ಅರಕೇರಾದಲ್ಲಿ ಅಂತ್ಯಕ್ರಿಯೆ, ಓಂ ಶಾಂತಿ ಎಂದಿತ್ತು. ತೀರಿಕೊಂಡದ್ದು ಅವರ ಅಣ್ಣ. ಮಾನ್ವಿಯವನು ಬರೆದದ್ದರಲ್ಲಿ ತಪ್ಪಿರಲಿಲ್ಲ. ನಾಲ್ಕನೆಯವನೋ ಐದನೆಯವನೋ "ಮಿತ್ರನ ಆತ್ಮಕ್ಕೆ ಶಾಂತಿ ಸಿಗಲಿ" ಎಂದು ಬರೆದ. ನಮ್ಮ ಗುಂಪಿನಲ್ಲಿ ಸಾವಿನ ಸುದ್ದಿ ಬಂದರೆ ಮೇಲೆ ಏನಿದೆ ಎಂದು ಯಾರೂ ನೋಡುವುದಿಲ್ಲ. ಕೊನೆಯ ಸಂದೇಶದ ಕೆಳಗೆ ಜೋಡಿಸಿದ ಕೈಗಳನ್ನು ಒತ್ತಬೇಕು, ಬೇಗ ಒತ್ತಬೇಕು. ಯಾರು ಒತ್ತಲಿಲ್ಲ ಎಂಬುದನ್ನು ಲೆಕ್ಕ ಇಡುವವರಿದ್ದಾರೆ. ಅರ್ಧ ತಾಸಿನೊಳಗೆ ಗುಂಪಿನ ಎಲ್ಲರ ಪಾಲಿಗೂ ಅವರು ತೀರಿಕೊಂಡಿದ್ದರು.

ಎರಡು ಕಡೆ ಖಚಿತಪಡಿಸಿಕೊಳ್ಳದೆ ಸಾವಿನ ಸುದ್ದಿ ಹಾಕಬಾರದು ಎಂಬುದು ನಮ್ಮ ಕೆಲಸದ ನಿಯಮ. ನಾನು ಇಬ್ಬರನ್ನು ಕೇಳಿದೆ. ಇಬ್ಬರೂ ಹೌದೆಂದರು. ಅವರಿಬ್ಬರಿಗೂ ಅದು ಗೊತ್ತಾದದ್ದು ನಮ್ಮ ಗುಂಪಿನಿಂದಲೇ ಎಂಬುದು ನನಗೆ ಹೊಳೆಯಲಿಲ್ಲ. ಅವರ ನಂಬರಿಗೇ ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಸಂಜೆ ಐದು ದಾಟಿತ್ತು. ಸತ್ತವರ ನಂಬರಿಗೆ ಫೋನ್ ಮಾಡುವುದು ಹೇಗೆ ಎಂಬ ಮುಜುಗರವೂ ಇತ್ತು. ಬದಲಿಗೆ ಅವರ ಬಗ್ಗೆ ಹನ್ನೊಂದು ಸಾಲು ಬರೆದು ಗುಂಪಿಗೆ ಹಾಕಿದೆ. ಚೆನ್ನಾಗಿ ಬರೆದಿದ್ದೀರಿ ಎಂದು ಹಲವರು ಮೆಚ್ಚಿದರು.

ಸಮ್ಮೇಳನಕ್ಕೆ ನಿರ್ಣಯಗಳನ್ನೂ ಶ್ರದ್ಧಾಂಜಲಿಯ ಪಟ್ಟಿಯನ್ನೂ ಸಿದ್ಧಮಾಡುವ ಕೆಲಸ ನನಗೆ ಬಂತು, ನನ್ನ ಬರಹದಲ್ಲಿ ತಪ್ಪಿರುವುದಿಲ್ಲ ಎಂಬ ಕಾರಣಕ್ಕೆ. ಆ ವರ್ಷ ಅಗಲಿದವರೆಂದು ಏಳು ಹೆಸರು ಬರೆದೆ. ದೇವದುರ್ಗದವರದು ಐದನೆಯದು.

ಬಸ್ ನಿಲ್ದಾಣದ ಹಿಂದಿನ ಕಲ್ಯಾಣ ಮಂಟಪ. ಬಿಸಿಲು ಏರುವ ಮೊದಲೇ ಕುರ್ಚಿಗಳು ತುಂಬಿದ್ದವು. ಆರು ವರ್ಷದಲ್ಲಿ ಎಲ್ಲರೂ ಒಂದೇ ಸೂರಿನಡಿ ಸೇರಿದ್ದು ಅದೇ ಮೊದಲು. ನಿರೂಪಕರು ಏಳು ಹೆಸರು ಓದಿದರು. ಎಲ್ಲರೂ ಎದ್ದೆವು. ಫ್ಯಾನುಗಳು ತಿರುಗುತ್ತಿದ್ದವು. ಯಾರದೋ ಫೋನು ಒಮ್ಮೆ ಗುಂಯ್ ಎಂದು ನಿಂತಿತು. ಒಂದು ನಿಮಿಷವಾದ ಮೇಲೆ ಕುಳಿತೆವು.

ದೇವದುರ್ಗದವರು ಕೊನೆಯ ಸಾಲಿನಲ್ಲಿ, ನೀರಿನ ಡ್ರಮ್ಮಿನ ಪಕ್ಕದ ಕುರ್ಚಿಯಲ್ಲಿದ್ದರು. ಐದನೆಯ ಹೆಸರು ಓದಿದಾಗ ಅವರಿಗೂ ಕೇಳಿಸಿದೆ. ಎಲ್ಲರ ಜೊತೆ ಅವರೂ ಎದ್ದು ನಿಂತರು.

ಊಟದ ಸಾಲಿನಲ್ಲಿ ನಾನು ತಟ್ಟೆ ಹಿಡಿದು ನಿಂತಿದ್ದೆ. ರೊಟ್ಟಿ, ಎಣ್ಣೆಗಾಯಿ, ಗೋಧಿ ಹುಗ್ಗಿ ಇತ್ತು. ಅಂಥ ಬಿಸಿಲಿನಲ್ಲೂ ಕುತ್ತಿಗೆಗೆ ಟವೆಲು ಸುತ್ತಿಕೊಂಡಿದ್ದ ಒಬ್ಬ ತೆಳ್ಳಗಿನವರು ಬಂದು ಬಾಯಿಯನ್ನು ನನ್ನ ಕಿವಿಯ ಹತ್ತಿರ ತಂದರು.

"ನಮಸ್ಕಾರ್ರಿ ಸರ. ಈಗ ಎಲ್ಲಾರೂ ಎದ್ದು ನಿಂತ್ರಲ್ರಿ, ಅದ್ರಾಗ ಐದನೇ ಹೆಸರು ನಂದರಿ."

ನನಗೆ ಅರ್ಥವಾಗಲಿಲ್ಲ. ಯಾವ ಹೆಸರು ಎಂದೆ.

"ದೇವದುರ್ಗದ್ದರಿ. ದೊಡ್ಡಿ ಹೆಸರು ಹೇಳಾಂವ."

ಅವರು ಬದುಕಿದ್ದಾರೆ ಎಂಬ ಸಂತೋಷ ಆ ಕ್ಷಣ ನನಗಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ತಲೆಗೆ ಮೊದಲು ಬಂದದ್ದು ಪತ್ರಿಕಾ ಪ್ರಕಟಣೆ. ಏಳು ಹೆಸರಿನ ಪ್ರಕಟಣೆ ಬೆಳಗ್ಗೆಯೇ ಎಲ್ಲ ಪತ್ರಿಕೆಗಳಿಗೂ ಹೋಗಿತ್ತು. ಹೇಗಿದ್ದೀರಿ ಎಂದು ಕೇಳದೆ, ಎರಡು ತಿಂಗಳಾದರೂ ನೀವೇಕೆ ತಿದ್ದಲಿಲ್ಲ ಎಂದು ಕೇಳಿದೆ.

"ಮನ್ಯಾಕಿ ಬ್ಯಾಡಂದ್ಳರಿ. ಬದುಕಿರಾಂವ ಸತ್ತನಂತ ಸುದ್ದಿ ಹುಟ್ಟಿದ್ರ ಆಯುಷ್ಯ ಬೆಳೀತದಂತ. ನಾವಾಗೇ ಅಳಿಸಬಾರದಂತ. ನನಗೂ ಸ್ವಲ್ಪ ಆಯುಷ್ಯ ಬೇಕಾಗಿತ್ತರಿ." ಹೀಗೆಂದು ನಕ್ಕರು. "ನೀವು ಬರದಿದ್ದು ಓದೀನಿ. ಹನ್ನೊಂದು ಸಾಲು. ಎರಡು ಸಲ ಓದೀನಿ."

ನಿಮ್ಮ ಹೆಸರಿಗೆ ನೀವೇ ಯಾಕೆ ಎದ್ದು ನಿಂತಿರಿ ಎಂದು ಕೇಳಿದೆ. "ಉಳಿದ ಆರು ಮಂದಿಗಾದ್ರೂ ನಿಲ್ಲಬೇಕಲ್ರಿ," ಎಂದರು.

ಅಷ್ಟರಲ್ಲಿ ಮಾನ್ವಿಯವನು ಬಂದ. ಇವರು ಯಾರೆಂದು ತಿಳಿದ ಕೂಡಲೇ ತಟ್ಟೆಯನ್ನು ಕಿಟಕಿಯ ಮೇಲಿಟ್ಟು ಅವರ ಹೆಗಲ ಮೇಲೆ ಕೈಹಾಕಿದ. "ಯಪ್ಪಾ, ನೀ ಅದೀಯಲ್ಲೋ! ನಿನ್ನ ಸಲುವಾಗಿ ನಾ ಮೊಣಕಾಲು ನೋವಿನ್ಯಾಗ ಒಂದು ನಿಮಿಷ ನಿಂತೀನಲೇ. ಆ ನಿಮಿಷ ವಾಪಸ್ ಕೊಡು."

ಸುತ್ತ ನಿಂತವರೆಲ್ಲ ನಕ್ಕರು. ಅವರೂ ನಕ್ಕರು, ಬಾಯಿ ತೆರೆದು, ಹೆಗಲು ಕುಲುಕಿಸಿ. ಮಾನ್ವಿಯವನು ಫೋನ್ ಎತ್ತಿ ಅವರ ಜೊತೆ ಒಂದು ಸೆಲ್ಫಿ ತೆಗೆದ. "ಸುದ್ದಿ ವಾಪಸ್, ಮನುಷ್ಯ ಜೀವಂತ" ಎಂದು ಬರೆದು ಗುಂಪಿಗೆ ಹಾಕಿದ. ಮಂಟಪದ ತುಂಬ ಫೋನುಗಳು ಒಂದರ ಹಿಂದೆ ಒಂದು ಗುಂಯ್ಗುಟ್ಟಿದವು. ಹುಗ್ಗಿ ಬಡಿಸುವಲ್ಲಿ ನಿಂತವರು, ಕೈ ತೊಳೆಯುವಲ್ಲಿ ನಿಂತವರು, ಇನ್ನೂ ಕುರ್ಚಿಯಲ್ಲಿದ್ದವರು ಎಲ್ಲರೂ ತಲೆ ತಗ್ಗಿಸಿ ಬರೆಯತೊಡಗಿದರು. ನಗುವ ಮುಖಗಳು, ಹೂಗುಚ್ಛಗಳು, ನೂರು ವರ್ಷ ಬಾಳಿರಿ ಎಂಬ ಹಾರೈಕೆಗಳು ಬಂದವು. ಹತ್ತು ಹೆಜ್ಜೆಯ ಮೇಲೆ ನಿಂತಿದ್ದ ಮಸ್ಕಿ ಕಡೆಯವನೊಬ್ಬ "ಯಾವಾಗ ಭೇಟಿ ಆಗೋಣ?" ಎಂದು ಗುಂಪಿನಲ್ಲಿ ಅವರನ್ನು ಕೇಳಿದ್ದ. ಅವನ ಬೆನ್ನು ನಮ್ಮ ಕಡೆಗಿತ್ತು. ಈ ಸಂದೇಶವನ್ನು ನಾನು ಓದಿದ್ದು ಆಮೇಲೆ. ಬಂದ ವೇಳೆ ನೋಡಿದರೆ, ನಾವೆಲ್ಲ ಒಂದೇ ಕೋಣೆಯಲ್ಲಿದ್ದಾಗಿನದು.

ಅವರು ಮತ್ತೆ ನನ್ನ ಕಿವಿಯ ಹತ್ತಿರ ಬಂದರು. ಅವರ ತಟ್ಟೆಯಲ್ಲಿ ಮಜ್ಜಿಗೆಯಲ್ಲಿ ಕಲಸಿದ ನಾಲ್ಕು ತುತ್ತು ಅನ್ನ ಹಾಗೇ ಇತ್ತು. ರೊಟ್ಟಿ ಹಾಕಿಸಿಕೊಂಡಿರಲಿಲ್ಲ.

"ಸರ, ಹೊರಗ ಬೇವಿನ ಗಿಡದ ಕಟ್ಟಿ ಅದ. ಒಂದೀಟು ಕುಂದ್ರೋಣೇನ್ರಿ? ಮಾತಾಡೋದಿತ್ತು."

ಏನು ವಿಷಯ ಎಂದು ಕೇಳಿದೆ.

"ವಿಷಯ ಅಂತ ಏನಿಲ್ರಿ. ಮಾತಾಡೋದಿತ್ತು."

ವಿಷಯವಿಲ್ಲದ ಮಾತಿಗೆ ನನ್ನ ಬಳಿ ಸಮಯವಿರಲಿಲ್ಲ. ಆ ಪ್ರಕಟಣೆಯನ್ನು ತಿದ್ದಿ ಕಳಿಸಬೇಕಿತ್ತು. ಇಲ್ಲದಿದ್ದರೆ ಮರುದಿನ ಎಲ್ಲ ಪತ್ರಿಕೆಗಳಲ್ಲಿ ಅವರು ಮತ್ತೊಮ್ಮೆ ಸಾಯುತ್ತಿದ್ದರು. ಅವರ ಸಲುವಾಗಿಯೇ ಇದು ಎಂದುಕೊಂಡೆ. "ನೀವು ಒಂದು ಮೆಸೇಜ್ ಹಾಕ್ರಿ ಸಾಕು. ನಾ ಓದಿ ಉತ್ತರ ಬರೀತೀನಿ," ಎಂದೆ.

"ಹಾಕ್ತೀನ್ರಿ," ಎಂದರು.

ನಾನು ಗೋಡೆಗೆ ಒರಗಿ, ಪಟ್ಟಿಯ ಐದನೆಯ ಹೆಸರನ್ನು ಕೈಬಿಡಬೇಕೆಂದು ಎಲ್ಲ ಪತ್ರಿಕೆಗಳಿಗೂ ಬರೆದೆ. ಕಾರಣ ಬರೆಯಲಿಲ್ಲ. ತಲೆ ಎತ್ತಿದಾಗ ಅವರು ಅಲ್ಲಿರಲಿಲ್ಲ. ಬಸ್ಸಿನ ಹೊತ್ತಾಗುವವರೆಗೆ ಬೇವಿನ ಕಟ್ಟೆಯ ಮೇಲೆ ಕೂತಿದ್ದರಂತೆ. ಹೋಗಿ ಬರುವವರೆಲ್ಲ ಆರಾಮೇನ್ರಿ ಎಂದು ಕೇಳಿ, ಗುಂಪಿನಲ್ಲಿ ಸಿಗೋಣ ಎಂದು ಹೇಳಿ ಹೋದರಂತೆ. ಅವತ್ತು ರಾತ್ರಿ ಅವರಿಂದ ಸಂದೇಶ ಬರಲಿಲ್ಲ. ಬರಲಿಲ್ಲ ಎಂಬುದು ನನ್ನ ಗಮನಕ್ಕೂ ಬರಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಅವರು ಮತ್ತೆ ಬರೆಯತೊಡಗಿದರು. ಮೊದಲಿನ ವೇಗ, ಮೊದಲಿನ ತಮಾಷೆ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಅವರದೊಂದು ಸಾಲು. ಮಾನ್ವಿಯವನು ಕಾಲೆಳೆದರೆ ತಕ್ಕ ಉತ್ತರ. ಯಾವ ವ್ಯತ್ಯಾಸವೂ ಕಾಣಲಿಲ್ಲ.

ಒಂದು ಸಂಜೆ ಅರಕೇರಾ ಕಡೆಯ ದೊಡ್ಡಿಯೊಂದರಲ್ಲಿ ಬಾವಿ ಕುಸಿದ ಸುದ್ದಿ ಬಂತು. ಪುಟ ಮುಗಿಸಲು ಹತ್ತು ನಿಮಿಷವಿತ್ತು. ಅವರಿಗೆ ಬರೆದೆ. ಅವರು ಓದಿದ ಗುರುತು ಕಾಣಲಿಲ್ಲ. ನನ್ನ ನಿಯಮ ನಾನೇ ಮುರಿದು ಫೋನ್ ಮಾಡಿದೆ. ಹೆಣ್ಣುಮಗಳೊಬ್ಬರು ಎತ್ತಿದರು. ಅವರ ಹೆಂಡತಿ. ಅವರಿಗೆ ಕೊಡಿ ಎಂದೆ.

"ಅವರಿಗೆ ಮಾತು ಬರಂಗಿಲ್ರಿ ಯಣ್ಣಾ. ಗಂಟಲಾಗಿಂದು ತಗದಾರ. ನಿಮಗ ಗೊತ್ತಿಲ್ಲೇನ್ರಿ?"

ಗೊತ್ತಿಲ್ಲ ಎಂದೆ.

"ಆಪರೇಷನ್ನಿಗೆ ಮೂರು ದಿನ ಮುಂಚೆ ನಿಮ್ಮ ಕೂಡ ಮಾತಾಡಿ ಬರ್ತೀನಂತ ರಾಯಚೂರಿಗೆ ಬಂದಿದ್ರಲ್ರಿ. ಡಾಕ್ಟರು ಜಾಸ್ತಿ ಮಾತಾಡಬ್ಯಾಡ್ರಿ ಅಂದಿದ್ರು. ಇದ್ದಷ್ಟು ದನಿ ಅಲ್ಲೇ ಖರ್ಚು ಮಾಡಿ ಬರ್ತೀನಂತ ನಕ್ಕೋತ ಹೋದ್ರು. ಹೊಳ್ಳಿ ಬಂದಾಗ ಕೇಳಿದೆ. ಎಲ್ಲಾರೂ ಗದ್ಲದಾಗ ಇದ್ರು, ಗ್ರೂಪಿನ್ಯಾಗಾದ್ರ ಚಲೋ ಮಾತಾಡ್ತಾರ ಅಂದ್ರು."

ನಾನು ಏನೋ ಹೇಳಲು ಹೊರಟೆ. ಅಷ್ಟರಲ್ಲಿ ಗಂಡ ಅವರ ಕೈಯಿಂದ ಫೋನ್ ಇಸಿದುಕೊಂಡಿರಬೇಕು, ಕರೆ ನಿಂತಿತು. ಮರುಕ್ಷಣ ಸಂದೇಶ ಬಂತು. ದೊಡ್ಡಿಯ ಹೆಸರು, ಪಂಚಾಯಿತಿಯ ಹೆಸರು, ಬಾವಿ ಯಾರ ಹೊಲದ್ದು ಎಂಬುದು, ಎಲ್ಲವೂ ಇತ್ತು. ಸುದ್ದಿ ಸರಿಯಾಗಿ ಅಚ್ಚಾಯಿತು.

ಆ ವಾರವೇ ಕೆಲಸದ ಮೇಲೆ ಮಾನ್ವಿಗೆ ಹೋಗಬೇಕಾಯಿತು. ಅಲ್ಲಿಯ ವರದಿಗಾರನಿಗೆ ಸಂಗತಿ ತಿಳಿಸಿದೆ. ಚಹಾದ ಅಂಗಡಿಯ ಮುಂದೆ ನಿಂತು ಅವನು ಫೋನ್ ತೆಗೆದು ನನಗೇ ತೋರಿಸಿದ. "ಏನಂತೀರಿ ಸರ. ಮುಂಜಾನೆ ನನಗ ಬೈದಾನ ನೋಡ್ರಿ ಇಲ್ಲಿ. ನಿನ್ನೆ ಸ್ಟಿಕರ್ ಕಳಿಸ್ಯಾನ. ಆರಾಮ ಅದಾನ್ರಿ ಅಂವ." ನಾನು ಮತ್ತೊಮ್ಮೆ ಹೇಳಿದೆ. ಅವನು ಫೋನನ್ನು ಜೇಬಿಗೆ ಹಾಕಿಕೊಂಡ. ಚಹಾ ಬಂತು, ಕುಡಿದೆವು. ಆ ಸೆಲ್ಫಿ ತೆಗೆದಾಗ ಅಂವ ನನ್ನ ಕಿವ್ಯಾಗ ಏನೋ ಅಂದನ್ರಿ, ಗದ್ಲದಾಗ ಕೇಳಲಿಲ್ಲ, ಎಂದ. ಭಾನುವಾರ ದೇವದುರ್ಗಕ್ಕೆ ಹೋಗೋಣ ಬಾ ಎಂದು ಕರೆದೆ. ಬರುತ್ತೇನೆ ಎಂದವನು ಬರಲಿಲ್ಲ. ನೋಡಾಕ ಆಗಂಗಿಲ್ರಿ ಸರ ಎಂದು ಬೆಳಗ್ಗೆ ಸಂದೇಶ ಕಳಿಸಿದ್ದ.

ನಾನೊಬ್ಬನೇ ಹೋದೆ. ಜೆರಾಕ್ಸ್ ಅಂಗಡಿಯ ಹಿಂದೆಯೇ ಮನೆ. ಮುಂದೆ ಅವರ ಹೆಂಡತಿ ಯಾರದೋ ಪಹಣಿಯ ಪ್ರತಿ ತೆಗೆಯುತ್ತಿದ್ದರು. ಒಳಗೆ ಬರ್ರಿ ಎಂದು ಕರೆದರು. ದೇವದುರ್ಗದವರು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಉಸಿರಾಟಕ್ಕೆಂದು ಕುತ್ತಿಗೆಯಲ್ಲಿ ಮಾಡಿದ್ದ ತೂತಿನ ಮೇಲೆ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿತ್ತು. ಉಸಿರಾಡಿದಾಗಲೆಲ್ಲ ಅದು ಒಳಹೋಗಿ ಹೊರಬರುತ್ತಿತ್ತು. ನಾನು ಎದುರಿನ ಕುರ್ಚಿಯಲ್ಲಿ ಕೂತು, ಹೇಗಿದ್ದೀರಿ, ನೋವು ಇದೆಯಾ ಎಂದು ವಿಚಾರಿಸಿದೆ. ಹೆಂಡತಿ ಬಾಗಿಲಲ್ಲಿ ನಿಂತು, "ಕಿವಿ ಚಲೋ ಅದಾವ್ರಿ ಯಣ್ಣಾ," ಎಂದರು. ನಾನು ಜೋರಾಗಿ ಕೂಗುತ್ತಿದ್ದೆ ಎಂಬುದು ಆಗ ಗೊತ್ತಾಯಿತು.

ಅವರು ಫೋನ್ ಎತ್ತಿಕೊಂಡು ಬರೆದರು. ನನ್ನ ಜೇಬಿನಲ್ಲಿ ಸದ್ದಾಯಿತು. ತೆಗೆದು ಓದಿದೆ.

"ಸರ, ನಿಮ್ಮ ರೂಲ್ಸ್ ಪೂರಾ ಪಾಲಿಸಾಂವ ಈಗ ನಾನೊಬ್ಬನೇ. ಫೋನಿಲ್ಲ, ವಾಯ್ಸ್ ಮೆಸೇಜ್ ಇಲ್ಲ."

ನಾನು ನಗಲಿಲ್ಲ. ಅವರು ನಕ್ಕರು, ಕುತ್ತಿಗೆಯ ಬಟ್ಟೆ ಒಮ್ಮೆ ಹಾರಿತು. ಸ್ವಲ್ಪ ಹೊತ್ತು ಅದು ಇದು ಮಾತಾಯಿತು. ನಾನು ಬಾಯಲ್ಲಿ ಕೇಳುವುದು, ಅವರು ಬರೆಯುವುದು. ಮೂರನೆಯ ಸಲವೋ ನಾಲ್ಕನೆಯ ಸಲವೋ, ಯಾಕೆಂದು ತಿಳಿಯದೆ ನಾನೂ ಬರೆದೇ ಉತ್ತರಿಸಿದೆ. ಆಮೇಲೆ ಇಬ್ಬರೂ ಬರೆಯುತ್ತಲೇ ಹೋದೆವು. ಅವರ ಮೊಣಕಾಲು ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರವಿತ್ತು.

ನಂತರ ಅವರು ಬರೆದರು: "ನನ್ನ ದನಿ ಎಲ್ಲೂ ರೆಕಾರ್ಡ್ ಆಗಿಲ್ಲ ಸರ. ಹುಡುಕಿದೆ. ಮದುವಿ ಕ್ಯಾಸೆಟ್ಟಿನ್ಯಾಗ ಬರೇ ಬಾಜಾ ಕೇಳ್ತದ."

ಅದರ ಹಿಂದೆಯೇ ಇನ್ನೊಂದು ಬಂತು: "ಹೆಂಗಿತ್ತು ಅಂತ ಕೇಳಿದ್ರ ಇಕಿ 'ನಿಮ್ಮ ದನಿ ನಿಮ್ಮಂಗೇ ಇತ್ತು' ಅಂತಾಳ. ನೀವು ಬರಿಯೋರು. ಅವತ್ತು ಕೇಳೀರಿ. ಹೆಂಗಿತ್ತು?"

ಆ ದಿನದ ನನ್ನ ಟಿಪ್ಪಣಿ ಪುಸ್ತಕದಲ್ಲಿ ಎಲ್ಲವೂ ಇದೆ. ನಿರ್ಣಯಗಳು, ಭಾಷಣಗಳು, ಉದ್ಘಾಟನೆ ಎಷ್ಟು ತಡವಾಯಿತು ಎಂಬುದು. ಪುಸ್ತಕದಲ್ಲಿಲ್ಲದ್ದು ತಲೆಯಲ್ಲಿದೆ. ಅವರು ಆಡಿದ ಒಂದೊಂದು ಮಾತನ್ನೂ ಮೇಲೆ ಬರೆದಿದ್ದೇನೆ, ಒಂದಕ್ಷರ ಹೆಚ್ಚುಕಮ್ಮಿಯಿಲ್ಲ. ದನಿ ಮಾತ್ರ ಇಲ್ಲ. ಕಿವಿಯ ಹತ್ತಿರವೇ ಬಾಯಿ ತಂದು ಮಾತಾಡಿದವರ ದನಿ ಗಡಸೋ ತೆಳುವೋ, ಒಡೆದಿತ್ತೋ ಪಿಸುಗುಟ್ಟಿತ್ತೋ, ಎಷ್ಟು ಯತ್ನಿಸಿದರೂ ಬರಲಿಲ್ಲ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಐದನೆಯ ಹೆಸರು.

"ಗಟ್ಟಿ ಇತ್ತು" ಎಂದು ಬರೆದೆ, ಅಳಿಸಿದೆ. "ಮೆತ್ತಗಿತ್ತು" ಎಂದು ಬರೆದೆ, ಅದನ್ನೂ ಅಳಿಸಿದೆ. ಎದುರಿಗೆ ಅವರು ತಮ್ಮ ಫೋನನ್ನೇ ನೋಡುತ್ತಿದ್ದರು. ನಾನು ಬರೆಯುತ್ತಿದ್ದೇನೆ ಎಂಬ ಸೂಚನೆ ಅವರ ಫೋನಿನಲ್ಲಿ ಬಂದು ಬಂದು ಹೋಗುವುದು ಅವರಿಗೆ ಕಾಣುತ್ತಿತ್ತು.

ಕೊನೆಗೆ ಬರೆದದ್ದು ಇಷ್ಟು: "ನೆನಪಿಲ್ಲ. ಕೇಳಿಸಿಕೊಳ್ಳಬೇಕಿತ್ತು, ಕೇಳಿಸಿಕೊಳ್ಳಲಿಲ್ಲ."

ಅವರು ಓದಿದರು. ನನ್ನ ಕೈಯಲ್ಲಿದ್ದ ಫೋನು ಮತ್ತೆ ಸದ್ದು ಮಾಡಿತು.

"ನನಗೂ ಮರೀತಾ ಅದ ಸರ."

ನಾನು ಫೋನ್ ಮುಚ್ಚಿ ಕುರ್ಚಿಯ ಕೆಳಗಿಟ್ಟೆ. ಅವರೂ ತಮ್ಮದನ್ನು ದಿಂಬಿನ ಪಕ್ಕ ಇಟ್ಟರು. ಹೊರಗೆ ಜೆರಾಕ್ಸ್ ಯಂತ್ರ ಒಂದೇ ಸಮನೆ ಓಡುತ್ತಿತ್ತು. ನನ್ನ ಬಸ್ಸಿಗೆ ಇನ್ನೂ ಮುಕ್ಕಾಲು ತಾಸು ಇತ್ತು. ಅಷ್ಟೂ ಹೊತ್ತು ಅವರ ಎದುರಿಗೆ ಕೂತಿದ್ದೆ. ಆ ತೆಳ್ಳನೆಯ ಬಟ್ಟೆ ಒಳಹೋಗಿ ಹೊರಬರುವಾಗ ಒಂದು ಸಣ್ಣ ಸದ್ದು ಬರುತ್ತಿತ್ತು. ಅದನ್ನು ಕೇಳಿಸಿಕೊಂಡೆ.